ಒಂದೇ ವೇಫರ್, ಒಂದೇ ವಿನ್ಯಾಸ, ಸಂಧಿಗೊಂದು ರೋಧ

ಸಿಲಿಕಾನ್‌ದಾರಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಅತಿವಾಹಕ ಕ್ಯೂಬಿಟ್‌ಗಳ (ಕ್ವಾಂಟಮ್ ಕಂಪ್ಯೂಟರಿನ ಮೂಲ ಘಟಕಗಳ) ತಯಾರಿಕೆಯನ್ನು ಸಂಶೋಧನೆಗೆ ಆಯ್ದುಕೊಂಡು ಒಂದೂವರೆ ವರ್ಷವಾಯಿತು. ಅದರಲ್ಲಿ ಬಹುಪಾಲು ವಿನ್ಯಾಸ ಮತ್ತು ಸಿಮ್ಯುಲೇಷನ್‌ನಲ್ಲೇ ಕಳೆಯಿತು. ಕಳೆದ ಮೂರು ತಿಂಗಳಿಂದ ಮಾತ್ರ ಕ್ಲೀನ್‌ರೂಮಿನಲ್ಲಿ ನಿಂತು ಜೋಸೆಫ್ಸನ್ ಸಂಧಿಗಳನ್ನು, ಅಂದರೆ ನಡುವೆ ತೆಳು ಅವಾಹಕವಿರುವ ಅತಿವಾಹಕ ಜೋಡಿಗಳನ್ನು, ಸ್ವತಃ ಮಾಡುತ್ತಿದ್ದೇನೆ. ಪರದೆಯ ಮೇಲೆ ಒಂದು ಗೆರೆಯಾಗಿದ್ದ ವಸ್ತು ಕೈಗೆ ಬಂದಾಗ ಇಷ್ಟು ಹಟಮಾರಿಯಾಗಿರುತ್ತದೆ ಎಂದು ನನಗೆ ತಿಳಿದಿರಲಿಲ್ಲ.

ಕ್ರಮವನ್ನು ಚಿಕ್ಕದಾಗಿ ಹೇಳುತ್ತೇನೆ. ಎರಡು ಇಂಚಿನ, ಹೆಚ್ಚು ರೋಧದ ಸಿಲಿಕಾನ್ ವೇಫರ್ (ತೆಳು ತಟ್ಟೆ) ಬಳಸುತ್ತೇನೆ. ಅದರ ಮೇಲೆ ಎರಡು ಪದರದ ಇ-ಬೀಮ್ ರೆಸಿಸ್ಟ್ (ಎಲೆಕ್ಟ್ರಾನ್ ಕಿರಣದಿಂದ ವಿನ್ಯಾಸ ಬರೆಯುವ ಲೇಪ) ಇದೆ, ಕೆಳಪದರದ ದಪ್ಪ 500 ನ್ಯಾನೋಮೀಟರ್. ಡೋಲನ್ ಸೇತುವೆಯ ವಿಧಾನದಲ್ಲಿ (ರೆಸಿಸ್ಟ್‌ನ ಸೇತುವೆಯೊಂದರ ನೆರಳನ್ನು ಬಳಸುವ ವಿಧಾನ) ಮೊದಲ ಅಲ್ಯೂಮಿನಿಯಂ ಪದರವನ್ನು ನೇರವಾಗಿ ಬೀಳಿಸಿ, ಅದೇ ನಿರ್ವಾತ ಕೋಣೆಯಲ್ಲಿ ಆಮ್ಲಜನಕ ಬಿಟ್ಟು, ನಂತರ ವೇಫರನ್ನು 45 ಡಿಗ್ರಿ ಓರೆಮಾಡಿ ಎರಡನೆಯ ಪದರವನ್ನು ಬೀಳಿಸುತ್ತೇನೆ. ಸಂಧಿಯ ಅಳತೆ 200 ನ್ಯಾನೋಮೀಟರ್‌ಗೆ 200 ನ್ಯಾನೋಮೀಟರ್. ಕೋಣೆಯ ಉಷ್ಣತೆಯಲ್ಲಿ 9.5 ಕಿಲೋಓಮ್ ರೋಧ ಬರಬೇಕೆಂಬುದು ಗುರಿ.

ಬಂದದ್ದು ಬೇರೆ. ಒಂದೇ ವೇಫರಿನ ಮೇಲೆ 7ರಿಂದ 13 ಕಿಲೋಓಮ್‌ವರೆಗೆ ಎಲ್ಲ ಸಂಖ್ಯೆಗಳೂ ಇವೆ. ಕೆಲವು ಸಂಧಿಗಳಲ್ಲಿ ವಿದ್ಯುತ್ ಹರಿಯುವುದೇ ಇಲ್ಲ. ಮೂರನೆಯ ಬ್ಯಾಚಿನಲ್ಲಿ ಪಾಕವಿಧಾನವನ್ನು ಒಂದಕ್ಷರವೂ ಬದಲಿಸಲಿಲ್ಲ, ಆದರೂ ಎಲ್ಲ ಸಂಖ್ಯೆಗಳೂ ಒಟ್ಟಾಗಿ ಕೆಳಕ್ಕೆ ಜಾರಿವೆ. ತಪ್ಪು ಆಕ್ಸಿಡೀಕರಣದಲ್ಲಿ, ಅಂದರೆ ಆಮ್ಲಜನಕದಿಂದ ನಡುವಿನ ಅವಾಹಕ ಪೊರೆ ಬೆಳೆಸುವ ಹಂತದಲ್ಲಿದೆ ಎಂದು ನನ್ನ ಅನುಮಾನ. ಆಮ್ಲಜನಕದ ಒತ್ತಡವನ್ನು ಬದಲಿಸಿ ನೋಡಬೇಕೆಂದಿದ್ದೇನೆ. ಅನುಭವಿಗಳು ದಾರಿ ತೋರಿಸಬೇಕು.

ಹಳೆಯ ನಿರ್ವಾತ ಬರೆದದ್ದು:

ಒತ್ತಡದ ಗುಂಡಿಯನ್ನು ದಯವಿಟ್ಟು ಸದ್ಯಕ್ಕೆ ಮುಟ್ಟಬೇಡಿ. ಮೂರು ಬೇರೆ ಬೇರೆ ರೋಗಗಳಿಗೆ ಒಂದೇ ಔಷಧಿ ಕೊಡಲು ಹೊರಟಿದ್ದೀರಿ ಎಂಬ ಗುಮಾನಿ ನನಗಿದೆ. ಅದಕ್ಕೂ ಮೊದಲು, ಈ ಎಳೆಯನ್ನು ಓದುತ್ತಿರುವ ಇತರರಿಗಾಗಿ, ಕೋಣೆಯ ಉಷ್ಣತೆಯಲ್ಲಿ ಅಳೆದ ಒಂದು ರೋಧಕ್ಕೆ ಇಷ್ಟು ಬೆಲೆ ಏಕೆ ಎಂಬುದನ್ನು ಲೆಕ್ಕ ಸಮೇತ ಬರೆಯುತ್ತೇನೆ.

ಎರಡು ಅತಿವಾಹಕಗಳ ನಡುವೆ ಒಂದೆರಡು ನ್ಯಾನೋಮೀಟರ್ ದಪ್ಪದ ಅವಾಹಕ ಪೊರೆಯನ್ನಿಟ್ಟರೆ ವೋಲ್ಟೇಜ್ ಇಲ್ಲದೆಯೂ ಅದರ ಮೂಲಕ ವಿದ್ಯುತ್ ಹರಿಯಬಹುದೆಂದು ಬ್ರಯನ್ ಜೋಸೆಫ್ಸನ್ 1962ರಲ್ಲಿ ಹೇಳಿದರು. ಹಾಗೆ ಹರಿಯುವ ವಿದ್ಯುತ್ತಿಗೊಂದು ಮೇಲ್ಮಿತಿ ಇದೆ. ಆ ಮಿತಿಯನ್ನೂ ಸಂಧಿಯ ಸಾಮಾನ್ಯ ರೋಧವನ್ನೂ (ಲೋಹ ಅತಿವಾಹಕವಾಗದಿರುವಾಗಿನ ರೋಧವನ್ನೂ) ಗುಣಿಸಿದರೆ ಬರುವ ಬೆಲೆ ಲೋಹದ ಗುಣವೊಂದರಿಂದಲೇ ನಿಗದಿಯಾಗುತ್ತದೆ ಎಂಬುದನ್ನು ಮರುವರ್ಷ, 1963ರಲ್ಲಿ, ಭಾರತ ಮೂಲದ ವಿನಯ್ ಅಂಬೇಗಾವಕರ್ ಮತ್ತು ಅಲೆಕ್ಸಿಸ್ ಬರಾಟೊಫ್ ತೋರಿಸಿಕೊಟ್ಟರು. ಅಲ್ಯೂಮಿನಿಯಂಗೆ ಆ ಬೆಲೆ ಸುಮಾರು 280 ಮೈಕ್ರೋವೋಲ್ಟ್. ಅಂದರೆ 9.5 ಕಿಲೋಓಮ್ ರೋಧವಿರುವ ಸಂಧಿಯನ್ನು ತಣ್ಣಗಾಗಿಸಿದಾಗ ಅದರ ಮಿತಿ ಸುಮಾರು 30 ನ್ಯಾನೋಆಂಪಿಯರ್ ಆಗಿರುತ್ತದೆ. ಕ್ಯೂಬಿಟ್‌ಗಳನ್ನು ತಣ್ಣಗಾಗಿಸುವ ಫ್ರಿಜ್ಜಿನೊಳಗೆ 10 ಮಿಲಿಕೆಲ್ವಿನ್‌ನಲ್ಲಿ ಏನಾಗಲಿದೆ ಎಂಬುದನ್ನು ಮೇಜಿನ ಮೇಲಿಟ್ಟುಕೊಂಡೇ ಮುಂಗಾಣುವ ಸೌಲಭ್ಯವಿದು. ಈ ಸಂಬಂಧ ಇಲ್ಲದೇ ಹೋಗಿದ್ದರೆ ಪ್ರತಿ ಬ್ಯಾಚಿಗೂ ಫ್ರಿಜ್ಜನ್ನು ದಿನಗಟ್ಟಲೆ ತಣ್ಣಗಾಗಿಸಿ ಕಾಯಬೇಕಾಗುತ್ತಿತ್ತು.

ಈ ಸಂಧಿಗೆ ಸುಮಾರು 97 ಫೆಮ್ಟೋಫ್ಯಾರಡ್‌ನ ಕೆಪಾಸಿಟರ್ ಸೇರಿಸಿದರೆ ಅದು ಟ್ರಾನ್ಸ್‌ಮಾನ್ ಎಂಬ ಬಗೆಯ ಕ್ಯೂಬಿಟ್ ಆಗುತ್ತದೆ. ಅದರ ಆವೃತ್ತಿ 4.7 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲಿರುತ್ತದೆ. ಆವೃತ್ತಿಯು ರೋಧದ ವರ್ಗಮೂಲಕ್ಕೆ ವಿಲೋಮವಾಗಿ ಬದಲಾಗುವುದರಿಂದ, ರೋಧ ಶೇ. 2ರಷ್ಟು ತಪ್ಪಿದರೆ ಆವೃತ್ತಿ ಶೇ. 1ರಷ್ಟು, ಅಂದರೆ ಸುಮಾರು 47 ಮೆಗಾಹರ್ಟ್ಸ್ ತಪ್ಪುತ್ತದೆ. ಅಕ್ಕಪಕ್ಕದ ಎರಡು ಕ್ಯೂಬಿಟ್‌ಗಳ ಆವೃತ್ತಿಗಳು ಒಂದರ ಮೇಲೊಂದು ಬಂದು ಕುಳಿತರೆ ಒಂದನ್ನು ಕರೆದಾಗ ಇನ್ನೊಂದೂ ಓಗೊಡುತ್ತದೆ. ನಿಮ್ಮ 7 ಮತ್ತು 13 ಕಿಲೋಓಮ್‌ಗಳ ನಡುವಿನ ಅಂತರ ಆವೃತ್ತಿಯಲ್ಲಿ ಒಂದು ಗಿಗಾಹರ್ಟ್ಸನ್ನೂ ಮೀರುತ್ತದೆ. ಆದ್ದರಿಂದ ನಿಮ್ಮ ಆತಂಕ ಸಕಾರಣವಾದದ್ದೇ.

ಈಗ ನನಗೆ ಬೇಕಾದದ್ದು ಸರಾಸರಿಯಲ್ಲ, ನಕ್ಷೆ. ವೇಫರಿನ ಮೇಲೆ ಯಾವ ಸಂಧಿ ಎಲ್ಲಿದೆ ಮತ್ತು ಅದರ ರೋಧವೆಷ್ಟು ಎಂಬುದನ್ನು ಜಾಗಸಮೇತ ಗುರುತಿಸಿ ನೋಡಿ. ಎರಡನೆಯ ಪದರ ಯಾವ ದಿಕ್ಕಿನಿಂದ ಬಿತ್ತು ಎಂಬುದನ್ನೂ ಅದೇ ಹಾಳೆಯ ಮೇಲೆ ಬಾಣದಿಂದ ತೋರಿಸಿ.

ಸಿಲಿಕಾನ್‌ದಾರಿ ಬರೆದದ್ದು:

ನೀವು ಹೇಳಿದಂತೆ ನಕ್ಷೆ ಮಾಡಿ ನನಗೇ ನಾಚಿಕೆಯಾಯಿತು ಸರ್, ಇದನ್ನು ಮೊದಲೇ ಮಾಡಬೇಕಿತ್ತು. ಚಿತ್ರ ಸ್ಪಷ್ಟವಾಗಿದೆ. ಎರಡನೆಯ ಪದರ ಬಿದ್ದ ದಿಕ್ಕಿನ ಉದ್ದಕ್ಕೂ ರೋಧವು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಮೆಟ್ಟಿಲಿನಂತೆ ಏರುತ್ತದೆ. ಅದಕ್ಕೆ ಅಡ್ಡಲಾಗಿ ನೋಡಿದರೆ ಅಂಥ ಏರಿಕೆ ಕಾಣುವುದಿಲ್ಲ. ಇದರ ಜೊತೆಗೆ ಯಾವ ಕ್ರಮಕ್ಕೂ ಸಿಗದ ಚದುರುವಿಕೆ ಎಲ್ಲ ಕಡೆಯೂ ಇದೆ. ವಿದ್ಯುತ್ತೇ ಹರಿಯದ ಸಂಧಿಗಳು ಹೆಚ್ಚಾಗಿ ಅಂಚಿನ ಬಳಿ ಇವೆ.

ಹಳೆಯ ನಿರ್ವಾತ ಬರೆದದ್ದು:

ಹಾಗಾದರೆ ಮೊದಲ ರೋಗ ಸಿಕ್ಕಿತು. ಅದು ಆಮ್ಲಜನಕದ್ದಲ್ಲ, ನೆರಳಿನದು.

ಜೆರಾಲ್ಡ್ ಡೋಲನ್ ಬೆಲ್ ಪ್ರಯೋಗಾಲಯದಲ್ಲಿದ್ದಾಗ 1977ರಲ್ಲಿ ಪ್ರಕಟಿಸಿದ ಉಪಾಯದ ಸೊಗಸೆಲ್ಲ ನೆರಳಿನಲ್ಲಿದೆ. ಅಂಗಳದಲ್ಲಿ ಕಟ್ಟಿದ ತೋರಣದ ನೆರಳು ಬೆಳಿಗ್ಗೆ ಒಂದು ಪಕ್ಕಕ್ಕೂ ಸಂಜೆ ಇನ್ನೊಂದು ಪಕ್ಕಕ್ಕೂ ಬೀಳುವಂತೆ, ರೆಸಿಸ್ಟ್‌ನ ತೂಗುಸೇತುವೆಯೊಂದರ ಕೆಳಗೆ ಎರಡು ಬೇರೆ ಕೋನಗಳಿಂದ ಲೋಹವನ್ನು ಬೀಳಿಸಿದರೆ ಎರಡು ಪದರಗಳು ಸ್ವಲ್ಪ ಸರಿದು ಒಂದರ ಮೇಲೊಂದು ಚಾಚಿಕೊಳ್ಳುತ್ತವೆ. ಆ ಚಾಚಿಕೊಂಡ ಚೂರೇ ಸಂಧಿ. ನಡುವೆ ನಿರ್ವಾತವನ್ನು ಮುರಿಯಬೇಕಾಗಿಲ್ಲ, ಎರಡು ಮುಖವಾಡಗಳನ್ನು (ವಿನ್ಯಾಸದ ಅಚ್ಚುಗಳನ್ನು) ನ್ಯಾನೋಮೀಟರ್ ನಿಖರತೆಯಲ್ಲಿ ಹೊಂದಿಸುವ ಗೋಜೂ ಇಲ್ಲ. ಸುಮಾರು ಐವತ್ತು ವರ್ಷ ಇದು ಬಾಳಿಕೆ ಬಂದಿರುವುದಕ್ಕೆ ಈ ಸರಳತೆಯೇ ಕಾರಣ.

ಆದರೆ ಎವಾಪರೇಟರಿನ (ಲೋಹವನ್ನು ಆವಿಯಾಗಿಸಿ ಬೀಳಿಸುವ ಯಂತ್ರದ) ಕುದಿಯುವ ಅಲ್ಯೂಮಿನಿಯಂ ಸೂರ್ಯನಷ್ಟು ದೂರದಲ್ಲಿಲ್ಲ. ಅದು ವೇಫರಿನಿಂದ 600 ಮಿಲಿಮೀಟರ್ ದೂರದಲ್ಲಿದೆ ಎಂದಿಟ್ಟುಕೊಳ್ಳಿ. ವೇಫರಿನ ಕೇಂದ್ರದಿಂದ 20 ಮಿಲಿಮೀಟರ್ ಆಚೆ ಇರುವ ಸಂಧಿಗೆ ಲೋಹದ ಆವಿ, ವೇಫರ್ ನೇರವಾಗಿದ್ದಾಗ ಕೇಂದ್ರಕ್ಕಿಂತ ಸುಮಾರು 1.9 ಡಿಗ್ರಿ, 45 ಡಿಗ್ರಿ ಓರೆಯಾಗಿದ್ದಾಗ ಸುಮಾರು 1.4 ಡಿಗ್ರಿ ಬೇರೆಯಾದ ಕೋನದಿಂದ ಬರುತ್ತದೆ. ಒಂದು ಪದರ ನೇರವಾಗಿ ಮತ್ತು ಇನ್ನೊಂದು 45 ಡಿಗ್ರಿಯಲ್ಲಿ ಬೀಳುವ ನಿಮ್ಮ ಏರ್ಪಾಟಿನಲ್ಲಿ, 500 ನ್ಯಾನೋಮೀಟರ್ ಎತ್ತರದ ಕೆಳಪದರಕ್ಕೆ, ನೆರಳುಗಳ ನಡುವಿನ ಅಂತರ ಇದರಿಂದ ಸುಮಾರು 7 ನ್ಯಾನೋಮೀಟರ್‌ನಷ್ಟು ಬದಲಾಗುತ್ತದೆ. ಒಂದು ಅಂಚಿನಲ್ಲಿ ಅಷ್ಟು ಹೆಚ್ಚುತ್ತದೆ, ಎದುರಿನ ಅಂಚಿನಲ್ಲಿ ಅಷ್ಟೇ ಕಡಿಮೆಯಾಗುತ್ತದೆ. 200 ನ್ಯಾನೋಮೀಟರ್ ಉದ್ದದ ಸಂಧಿಯಲ್ಲಿ ಇದು ಶೇ. 3ಕ್ಕೂ ಮಿಗಿಲು, ಆವೃತ್ತಿಯಲ್ಲಿ ಸುಮಾರು 80 ಮೆಗಾಹರ್ಟ್ಸ್. ನೀವು ಕಂಡ ಮೆಟ್ಟಿಲು ಇದೇ. ಆಮ್ಲಜನಕದ ಒತ್ತಡವನ್ನು ಎಷ್ಟು ತಿರುಗಿಸಿದರೂ ಮೆಟ್ಟಿಲು ಪೂರ್ತಿಯಾಗಿ ಮೇಲೆ ಕೆಳಗೆ ಹೋಗುತ್ತದೆಯೇ ಹೊರತು ಸಮತಟ್ಟಾಗುವುದಿಲ್ಲ.

ಪರಿಹಾರ ಸುಲಭ. ಎರಡು ಪದರಗಳನ್ನೂ ಸಮಕೋನಗಳಲ್ಲಿ, ಒಂದನ್ನು ಎಡಕ್ಕೆ ಓರೆಮಾಡಿ ಇನ್ನೊಂದನ್ನು ಅಷ್ಟೇ ಬಲಕ್ಕೆ ಓರೆಮಾಡಿ, ಬೀಳಿಸಿ. ಆಗ ಕೇಂದ್ರದಿಂದ ದೂರ ಹೋದಂತೆ ಎರಡೂ ನೆರಳುಗಳು ಒಂದೇ ದಿಕ್ಕಿಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಸರಿಯುವುದರಿಂದ ಅವುಗಳ ನಡುವಿನ ಅಂತರ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಮುಖವಾಡದಲ್ಲಿ ಸೇತುವೆಯ ಅಗಲವನ್ನು ಮಾತ್ರ ಹೊಸ ಕೋನಕ್ಕೆ ತಕ್ಕಂತೆ ಬದಲಿಸಬೇಕಾಗುತ್ತದೆ.

ರೆಸಿಸ್ಟ್ ಅಂಚು ಬರೆದದ್ದು:

ಮೇಲಿನ ಲೆಕ್ಕಕ್ಕೆ ನನ್ನ ತಕರಾರಿಲ್ಲ, ಆದರೆ ಪರಿಹಾರದ ಬಗ್ಗೆ ಇದೆ. ಸಮಕೋನ ಮಾಡಿದರೂ ಡೋಲನ್ ಸೇತುವೆಯಲ್ಲಿ ಸಂಧಿಯ ಉದ್ದವು ಕೆಳಗಿನ ರೆಸಿಸ್ಟ್ ಪದರದ ದಪ್ಪವನ್ನು ನೇರವಾಗಿ ಅವಲಂಬಿಸುತ್ತದೆ, ಮತ್ತು ರೆಸಿಸ್ಟ್‌ನ ದಪ್ಪ ವೇಫರಿನ ಅಂಚಿನಲ್ಲಿ ಎಂದೂ ಕೇಂದ್ರದಂತಿರುವುದಿಲ್ಲ. ಮ್ಯಾನ್‌ಹ್ಯಾಟನ್ ಎಂದು ಕರೆಯುವ ಅಡ್ಡಗೆರೆ ವಿಧಾನಕ್ಕೆ ಬದಲಾಯಿಸಿಕೊಳ್ಳಿ ಎಂಬುದು ನನ್ನ ಸಲಹೆ. ಅಲ್ಲಿ ಸೇತುವೆಯೇ ಇಲ್ಲ. ಒಂದಕ್ಕೊಂದು ಲಂಬವಾಗಿರುವ ಎರಡು ಕಿರಿದಾದ ಕಾಲುವೆಗಳಿರುತ್ತವೆ. ಮೊದಲು ಒಂದರ ಉದ್ದಕ್ಕೆ ಓರೆಯಾಗಿ ಲೋಹ ಬೀಳಿಸಿ, ಆಕ್ಸಿಡೀಕರಿಸಿ, ವೇಫರನ್ನು 90 ಡಿಗ್ರಿ ತಿರುಗಿಸಿ ಇನ್ನೊಂದರ ಉದ್ದಕ್ಕೆ ಬೀಳಿಸಿದರೆ ಎರಡು ಗೆರೆಗಳು ಕೂಡುವ ಚೌಕವೇ ಸಂಧಿಯಾಗುತ್ತದೆ. ಅಳತೆಯನ್ನು ನಿರ್ಧರಿಸುವುದು ಗೆರೆಗಳ ಅಗಲ ಮಾತ್ರ. ಅದರಲ್ಲೂ ಕಾಲುವೆಯ ಗೋಡೆಯ ನೆರಳು ಅಂಚಿನ ಸಂಧಿಗಳ ಗೆರೆಯನ್ನು ಸ್ವಲ್ಪ ಕಿರಿದಾಗಿಸುತ್ತದೆ ಎಂಬುದು ನಿಜ, ಆದರೆ ಅದನ್ನು ಲೆಕ್ಕಹಾಕಿ ಮುಖವಾಡದಲ್ಲೇ ತಿದ್ದಬಹುದು.

ನಿಮ್ಮ ಎರಡನೆಯ ರೋಗ, ಕ್ರಮಕ್ಕೆ ಸಿಗದ ಚದುರುವಿಕೆ, ಹೆಚ್ಚಾಗಿ ಕೊಳೆಯಿಂದ ಬರುತ್ತದೆ. ಡೆವಲಪ್ ಮಾಡಿದ ಮೇಲೆ (ಬರೆದ ಭಾಗದ ರೆಸಿಸ್ಟನ್ನು ಕರಗಿಸಿ ತೆಗೆದ ಮೇಲೆ) ಕಾಲುವೆಯ ತಳದಲ್ಲಿ ಬರಿಗಣ್ಣಿಗಿರಲಿ, ಸೂಕ್ಷ್ಮದರ್ಶಕಕ್ಕೂ ಕಾಣದ ರೆಸಿಸ್ಟ್‌ನ ತೆಳುಪೊರೆ ಉಳಿದಿರುತ್ತದೆ. ಅದರ ಮೇಲೆ ಬಿದ್ದ ಅಲ್ಯೂಮಿನಿಯಂ ಒರಟಾಗುತ್ತದೆ. ಒರಟಾದ ಲೋಹದ ಮೇಲಿನ ಆಕ್ಸೈಡ್ ಎಲ್ಲ ಕಡೆ ಒಂದೇ ದಪ್ಪವಿರುವುದಿಲ್ಲ. ಎಲೆಕ್ಟ್ರಾನ್ ಸುರಂಗ ಕೊರೆದು ದಾಟುವ ಪ್ರಮಾಣ ದಪ್ಪಕ್ಕೆ ಘಾತೀಯವಾಗಿ ಬದಲಾಗುವ ಕಾರಣ ಅತಿ ತೆಳುವಾದ ಕೆಲವೇ ಜಾಗಗಳು ಇಡೀ ಸಂಧಿಯ ಕೆಲಸವನ್ನು ಮಾಡುತ್ತಿರುತ್ತವೆ. ಅಡ್ಡಸೀಳಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ ಅಧ್ಯಯನವೊಂದು, ಸಂಧಿಯ ಕ್ಷೇತ್ರದ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ ಜಾಗವೇ ಬಹುಪಾಲು ವಿದ್ಯುತ್ತನ್ನು ದಾಟಿಸುತ್ತದೆ ಎಂದು ಕಂಡುಕೊಂಡಿತ್ತು. ಹತ್ತು ಜನರ ಕೆಲಸವನ್ನು ಒಬ್ಬನ ಮೇಲೆ ಹೊರಿಸಿದ ಕಚೇರಿಯಂತೆ, ಆ ಒಬ್ಬ ರಜೆ ಹಾಕಿದರೆ ಎಲ್ಲ ಲೆಕ್ಕವೂ ಏರುಪೇರು.

ಆದ್ದರಿಂದ ಲೋಹ ಬೀಳಿಸುವ ಮೊದಲು ಮೃದುವಾದ ಆಮ್ಲಜನಕ ಪ್ಲಾಸ್ಮಾದಲ್ಲಿ ತಳವನ್ನು ಗುಡಿಸಿ. ಮೃದುವಾದ ಎಂಬ ಪದಕ್ಕೆ ಅಡಿಗೆರೆ ಹಾಕಿಕೊಳ್ಳಿ. ನಾನು ಒಮ್ಮೆ ಅತ್ಯುತ್ಸಾಹದಲ್ಲಿ ಅವಧಿಯನ್ನು ಮೂರು ಪಟ್ಟು ಮಾಡಿದೆ. ಚದುರುವಿಕೆ ಕಡಿಮೆಯಾಯಿತೆಂದು ಹಿಗ್ಗುತ್ತಿರುವಾಗಲೇ ಎಲ್ಲ ರೋಧಗಳೂ ಕುಸಿದಿದ್ದವು. ಪ್ಲಾಸ್ಮಾ ತಳದ ಕೊಳೆಯ ಜೊತೆ ಕಾಲುವೆಯ ಗೋಡೆಗಳನ್ನೂ ತಿಂದು ಗೆರೆಗಳನ್ನು ಅಗಲ ಮಾಡಿತ್ತು. ಗೆರೆಯ ಅಗಲದಲ್ಲಿ ಎರಡೂ ಕಡೆ 5 ನ್ಯಾನೋಮೀಟರ್ ತಪ್ಪಿದರೂ ಕ್ಷೇತ್ರಫಲ ಶೇ. 10ರಷ್ಟು ತಪ್ಪುತ್ತದೆ ಎಂಬುದನ್ನು ಆ ವಾರ ನಾನು ಮರೆಯದಂತೆ ಕಲಿತೆ.

ಪಾಠಹಲಗೆ ಬರೆದದ್ದು:

ನಾನು ಪದವಿಪೂರ್ವ ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕ, ಕ್ಲೀನ್‌ರೂಮನ್ನು ಹೊರಗಿನ ಗಾಜಿನಿಂದಷ್ಟೇ ನೋಡಿದವನು. ಎರಡು ಪ್ರಶ್ನೆಗಳಿವೆ, ಬಾಲಿಶವಾಗಿದ್ದರೆ ಕ್ಷಮೆಯಿರಲಿ. ಅಲ್ಯೂಮಿನಿಯಂ 1.2 ಕೆಲ್ವಿನ್‌ಗಿಂತ ಕೆಳಗಷ್ಟೇ ಅತಿವಾಹಕವಾಗುತ್ತದೆ, ನಿಯೋಬಿಯಂ 9 ಕೆಲ್ವಿನ್‌ನಲ್ಲೇ ಆಗುತ್ತದೆ. ಹೀಗಿರುವಾಗ ದುರ್ಬಲವಾದ ಲೋಹವನ್ನೇ ಏಕೆ ಹಿಡಿದುಕೊಂಡಿದ್ದೀರಿ? ಎರಡನೆಯದು, ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳನ್ನು ತಪ್ಪಿಲ್ಲದೆ ಮಾಡುವ ಕಾರ್ಖಾನೆಗಳಿರುವಾಗ ಈ ಒಂದೊಂದು ಸಂಧಿಗೆ ಇಷ್ಟು ಒದ್ದಾಟವೇಕೆ?

ತೆಳುಪೊರೆ ಬರೆದದ್ದು:

ಪ್ರಶ್ನೆಗಳು ಬಾಲಿಶವಲ್ಲ ಸರ್, ಮೊದಲನೆಯದಂತೂ ಈ ಕ್ಷೇತ್ರದ ನಡುಮನೆಯಲ್ಲೇ ಕುಳಿತಿದೆ.

5 ಗಿಗಾಹರ್ಟ್ಸ್‌ನ ಕ್ಯೂಬಿಟ್ ತನ್ನ ನೆಲಸ್ಥಿತಿಯಲ್ಲಿ (ಅತಿ ಕಡಿಮೆ ಶಕ್ತಿಯ ಸ್ಥಿತಿಯಲ್ಲಿ) ಶಾಂತವಾಗಿರಬೇಕಾದರೆ ಉಷ್ಣತೆ 0.24 ಕೆಲ್ವಿನ್‌ಗಿಂತ ಬಹಳ ಕೆಳಗಿರಬೇಕು. ಹೇಗೂ 10ರಿಂದ 20 ಮಿಲಿಕೆಲ್ವಿನ್‌ಗೆ ಇಳಿಸಲೇಬೇಕಾದ ಮೇಲೆ 1.2 ಕೆಲ್ವಿನ್ ಎಂಬುದು ಕೊರತೆಯೇ ಅಲ್ಲ. ಅಲ್ಯೂಮಿನಿಯಂನ ಹಿರಿಮೆ ಇರುವುದು ಅದರ ತುಕ್ಕಿನಲ್ಲಿ. ಆಮ್ಲಜನಕ ತಾಗಿದ ಕೂಡಲೇ ಅದರ ಮೇಲೆ ರಂಧ್ರವಿಲ್ಲದ, ಒಂದೆರಡು ನ್ಯಾನೋಮೀಟರ್ ಬೆಳೆದು ತಾನಾಗಿಯೇ ನಿಧಾನಿಸುವ ಪೊರೆ ಮೂಡುತ್ತದೆ. ನಮ್ಮ ಅಡುಗೆಮನೆಯ ಪಾತ್ರೆಗಳನ್ನು ಕಾಯುವುದೂ ಇದೇ ಪೊರೆಯೇ. ನಿಯೋಬಿಯಂನ ಮೇಲೆ ಒಂದಲ್ಲ, ಹಲವು ಬಗೆಯ ಆಕ್ಸೈಡ್‌ಗಳು ಕಲಸಿಕೊಂಡು ಬೆಳೆಯುತ್ತವೆ. ಅದರಲ್ಲಿ ಒಳ್ಳೆಯ ತಡೆಪೊರೆ ಸಿಗುವುದಿಲ್ಲ. ಬೆಲ್ ಪ್ರಯೋಗಾಲಯದವರು 1983ರಲ್ಲಿ ನಿಯೋಬಿಯಂ ಸಂಧಿಗಳನ್ನು ಮಾಡಿದಾಗಲೂ ನಡುವೆ ತೆಳುವಾಗಿ ಅಲ್ಯೂಮಿನಿಯಂ ಬಳಿದು ಅದನ್ನೇ ಆಕ್ಸಿಡೀಕರಿಸಿದ್ದರು.

ಆದರೆ ಇದೇ ಪೊರೆ ಹಿತಶತ್ರುವೂ ಹೌದು. ಅದರ ಅಣುಗಳಿಗೆ ಹರಳಿನ ಶಿಸ್ತಿಲ್ಲ. ಅಲ್ಲಲ್ಲಿ ಕೆಲವು ಅಣುಗಳು ಎರಡು ಜಾಗಗಳ ನಡುವೆ ಜಿಗಿದಾಡುತ್ತಿರುತ್ತವೆ. ಆ ಜಿಗಿತದ ಶಕ್ತಿ ಕ್ಯೂಬಿಟ್‌ನ ಶಕ್ತಿಗೆ ಸರಿಹೊಂದಿದರೆ ಕ್ಯೂಬಿಟ್ ತನ್ನಲ್ಲಿರುವುದನ್ನು ಅದಕ್ಕೆ ಒಪ್ಪಿಸಿಬಿಡುತ್ತದೆ. ಜಾನ್ ಮಾರ್ಟಿನಿಸ್ ಮತ್ತು ಸಂಗಡಿಗರು 2005ರಲ್ಲಿ ತಂತಿಗಳ ನಡುವಿನ ಹರಳುರಹಿತ ಅವಾಹಕವೇ ಕ್ಯೂಬಿಟ್‌ನ ಆಯಸ್ಸನ್ನು ಹೀರುತ್ತಿದೆ ಎಂದು ತೋರಿಸಿದ ಮೇಲೆ, ಈ ಕ್ಷೇತ್ರದ ಗಮನ ವಿನ್ಯಾಸದಿಂದ ವಸ್ತುವಿನ ಕಡೆಗೆ ಹೊರಳಿತು. ಜಾನ್ ಕ್ಲಾರ್ಕ್ ಮತ್ತು ಮಿಶೆಲ್ ಡೆವೊರೆ ಅವರೊಂದಿಗೆ 2025ರ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡ ಮಾರ್ಟಿನಿಸ್ ಇವರೇ. ಆ ಗೌರವ ಮಾತ್ರ ಇದಕ್ಕೂ ಇಪ್ಪತ್ತು ವರ್ಷ ಹಿಂದೆ, ಬರ್ಕ್‌ಲಿಯಲ್ಲಿ 1984 ಮತ್ತು 1985ರಲ್ಲಿ ನಡೆದ ಪ್ರಯೋಗಗಳಿಗೆ ಸಂದದ್ದು.

ಅಂದಿನಿಂದ ಕೊಳೆಯ ವಿರುದ್ಧದ ಯುದ್ಧವೇ ನಡೆದಿದೆ ಎನ್ನಬಹುದು. ಜಪಾನಿನ ಎನ್‌ಇಸಿ ಪ್ರಯೋಗಾಲಯದಲ್ಲಿ ನಾಕಾಮುರಾ, ಪಾಶ್ಕಿನ್ ಮತ್ತು ತ್ಸಾಯ್ 1999ರಲ್ಲಿ ತೋರಿಸಿದ ಮೊದಲ ಅತಿವಾಹಕ ಕ್ಯೂಬಿಟ್ ನ್ಯಾನೋಸೆಕೆಂಡುಗಳ ಲೆಕ್ಕದಲ್ಲಿ ಬದುಕಿತ್ತು. ಪ್ರಿನ್ಸ್‌ಟನ್‌ನವರು 2021ರಲ್ಲಿ ನೀಲಮಣಿಯ ತಟ್ಟೆಯ ಮೇಲೆ ನಿಯೋಬಿಯಂ ಬದಲು ಟ್ಯಾಂಟಲಂ ಹಾಕಿ 0.3 ಮಿಲಿಸೆಕೆಂಡ್ ದಾಟಿದರು. 2025ರಲ್ಲಿ ಟ್ಯಾಂಟಲಮನ್ನು ಹೆಚ್ಚು ರೋಧದ ಸಿಲಿಕಾನ್ ಮೇಲಿಟ್ಟು 1 ಮಿಲಿಸೆಕೆಂಡನ್ನೂ ದಾಟಿದರು. ಗಮನಿಸಬೇಕಾದದ್ದೇನೆಂದರೆ, ಟ್ಯಾಂಟಲಂ ಬಂದಿರುವುದು ಕೆಪಾಸಿಟರಿಗೆ ಮತ್ತು ತಂತಿಗಳಿಗೆ. ನಡುವಿನ ಸಂಧಿ ಅಂದಿನಂತೆಯೇ ಅಲ್ಯೂಮಿನಿಯಂನದು. ಎರಡು ಲೋಹಗಳು ಸೇರುವಲ್ಲಿ ಹಳೆಯ ಆಕ್ಸೈಡನ್ನು ಆರ್ಗಾನ್ ಅಯಾನುಗಳಿಂದ ಕೆರೆದು ತೆಗೆಯಬೇಕಾಗುತ್ತದೆ, ಮತ್ತು ಅಜಾಗರೂಕತೆಯಿಂದ ಕೆರೆದರೆ ಪಕ್ಕದ ಸಿಲಿಕಾನ್ ಮೇಲ್ಮೈಯೇ ಗಾಯಗೊಂಡು ಹೊಸ ನಷ್ಟಕ್ಕೆ ದಾರಿಯಾಗುತ್ತದೆ. ಅದಕ್ಕಾಗಿಯೇ ಸಂಧಿ ಮಾಡಿದ ಮೇಲೆ, ಕೆರೆದ ಜಾಗಕ್ಕಷ್ಟೇ ಮೀಸಲಾದ ಇನ್ನೊಂದು ಅಲ್ಯೂಮಿನಿಯಂ ತುಣುಕನ್ನು ಅಂಟಿಸುವ ರೂಢಿ ಬಂದಿದೆ. ಅದನ್ನು ನಾವೆಲ್ಲ ಬ್ಯಾಂಡೇಜ್ ಎಂದೇ ಕರೆಯುತ್ತೇವೆ.

ಮುನ್ನೂರು ಮಿಲಿಮೀಟರ್ ಬರೆದದ್ದು:

ಉಪನ್ಯಾಸಕರ ಎರಡನೆಯ ಪ್ರಶ್ನೆಯನ್ನು ನಾನು ಎತ್ತಿಕೊಳ್ಳುತ್ತೇನೆ, ಏಕೆಂದರೆ ನನ್ನ ಊಟ ನಡೆಯುವುದು ಸಿಲಿಕಾನ್ ಕಾರ್ಖಾನೆಯಿಂದ. ಮೇಲಿನ ಚರ್ಚೆಯನ್ನೆಲ್ಲ ಓದಿದಾಗ, ಲಿಫ್ಟ್-ಆಫ್ ಎಂಬ ಕ್ರಮವನ್ನು ಇನ್ನೂ ಇಷ್ಟು ಪ್ರೀತಿಯಿಂದ ಏಕೆ ಸಾಕುತ್ತಿದ್ದೀರಿ ಎನಿಸಿತು. ರೆಸಿಸ್ಟ್ ಇರುವಾಗಲೇ ಅದರ ಮೇಲೆ ಲೋಹ ಸುರಿದು, ಆಮೇಲೆ ಅಸಿಟೋನಿನಲ್ಲಿ ನೆನೆಹಾಕಿ ಬೇಡದ್ದು ಕಳಚಿ ಬೀಳಲಿ ಎಂದು ಕಾಯುವುದನ್ನು ನಮ್ಮ ಉದ್ಯಮ ದಶಕಗಳ ಹಿಂದೆಯೇ ಕೈಬಿಟ್ಟಿದೆ. ರೆಸಿಸ್ಟ್‌ನ ಆವಿ ನಿರ್ವಾತವನ್ನು ಕೆಡಿಸುತ್ತದೆ, ಕಳಚಿದ ಚೂರುಗಳು ಬೇರೆಡೆ ಹೋಗಿ ಕೂರುತ್ತವೆ. ಬೆಲ್ಜಿಯಂನ ಐಮೆಕ್ ಸಂಸ್ಥೆಯವರು 2024ರಲ್ಲಿ 300 ಮಿಲಿಮೀಟರ್ ವೇಫರಿನ ಮೇಲೆ ಲಿಫ್ಟ್-ಆಫ್ ಇಲ್ಲದೆ, ಇ-ಬೀಮ್ ಇಲ್ಲದೆ, ಬರೀ ಬೆಳಕಿನ ಮುದ್ರಣ ಮತ್ತು ಎಚಿಂಗ್‌ನಿಂದಲೇ (ಬೇಡದ ಲೋಹವನ್ನು ಕೊರೆದು ತೆಗೆಯುವುದರಿಂದಲೇ) ಕ್ಯೂಬಿಟ್‌ಗಳನ್ನು ಮಾಡಿ 100 ಮೈಕ್ರೋಸೆಕೆಂಡಿಗೂ ಮೀರಿದ ಆಯಸ್ಸನ್ನು ತೋರಿಸಿದ್ದಾರೆ. ಅಲ್ಲಿ ಎರಡನೆಯ ಪದರಕ್ಕೂ ಮೊದಲು ಆರ್ಗಾನ್‌ನಿಂದ ಮೇಲ್ಮೈ ಶುಚಿಮಾಡಿ, ತಡೆಪೊರೆಯನ್ನು ಹೊಸದಾಗಿ ಬೆಳೆಸುತ್ತಾರೆ. ನೆರಳಿನ ಲೆಕ್ಕವೇ ಬೇಕಾಗಿಲ್ಲ.

ಹಳೆಯ ನಿರ್ವಾತ ಬರೆದದ್ದು:

ಆ ಕೆಲಸದ ಬಗ್ಗೆ ನನಗೂ ಗೌರವವಿದೆ, ಸಾವಿರಾರು ಕ್ಯೂಬಿಟ್ ಬೇಕಾದಾಗ ದಾರಿ ಅದೇ ಎಂಬುದನ್ನೂ ಒಪ್ಪುತ್ತೇನೆ. ಆದರೆ ಈ ಎಳೆಯನ್ನು ಆರಂಭಿಸಿದವರ ಕೈಯಲ್ಲಿರುವುದು ಎರಡು ಇಂಚಿನ ವೇಫರ್ ಮತ್ತು ಹಲವರು ಸರದಿಯಲ್ಲಿ ಬಳಸುವ ಒಂದು ಎವಾಪರೇಟರ್. 300 ಮಿಲಿಮೀಟರಿನ ಯಂತ್ರಸಾಲು ಒಂದು ಪಾಕವನ್ನು ವರ್ಷಗಟ್ಟಲೆ ಬದಲಿಸದಿರುವುದಕ್ಕಾಗಿ ಇದೆ, ಅವರಿಗೆ ಬೇಕಾಗಿರುವುದು ವಾರಕ್ಕೊಮ್ಮೆ ಬದಲಿಸುವ ಸ್ವಾತಂತ್ರ್ಯ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ (ಟಿಐಎಫ್‌ಆರ್), ಡಿಆರ್‌ಡಿಓ ಮತ್ತು ಟಿಸಿಎಸ್ ಜೊತೆಗೂಡಿ ರೂಪಿಸಿ 2024ರಲ್ಲಿ ಪ್ರಕಟಿಸಿದ ಆರು ಕ್ಯೂಬಿಟ್‌ಗಳ ಸಂಸ್ಕಾರಕವೂ ದೈತ್ಯ ಕಾರ್ಖಾನೆಯಿಂದ ಬಂದದ್ದಲ್ಲ, ಪ್ರಯೋಗಾಲಯದಿಂದ ಬಂದದ್ದು.

ಮಿಲಿಕೆಲ್ವಿನ್ ಬರೆದದ್ದು:

ವಾದ ಚೆನ್ನಾಗಿದೆ, ಆದರೆ ಮೂರನೆಯ ರೋಗವನ್ನು ಎಲ್ಲರೂ ಮರೆತಿರಿ. ಮೂರನೆಯ ಬ್ಯಾಚ್ ಪೂರ್ತಿಯಾಗಿ ಕೆಳಗೆ ಜಾರಿತು ಎಂದಿದ್ದಾರಲ್ಲ, ಅದನ್ನು ಯಾವಾಗ ಅಳೆದಿರಿ ಮೇಡಂ? ಲಿಫ್ಟ್-ಆಫ್ ಆದ ದಿನವೋ, ವಾರದ ನಂತರವೋ?

ಕೇಳುವುದಕ್ಕೆ ಕಾರಣವಿದೆ. ಸಂಧಿಗಳಿಗೆ ವಯಸ್ಸಾಗುತ್ತದೆ. ಹೊರಗಿನ ಗಾಳಿಗೆ ಬಂದ ಮೇಲೆ ತಡೆಪೊರೆಯೊಳಗಿನ ಅಣುಗಳು ನಿಧಾನವಾಗಿ ಹೊಂದಿಕೊಳ್ಳುತ್ತಾ ಹೋಗಿ, ದಿನಗಳು ಮತ್ತು ವಾರಗಳ ಅವಧಿಯಲ್ಲಿ ರೋಧ ಮೆಲ್ಲಗೆ ಏರುತ್ತದೆ. ಏರಿಕೆಯ ಪ್ರಮಾಣ ನೀವು ಬಳಸಿದ ರೆಸಿಸ್ಟ್, ದ್ರಾವಕ, ತೊಳೆದ ರೀತಿ ಎಲ್ಲವನ್ನೂ ಅವಲಂಬಿಸಿರುವುದರಿಂದ ಬೇರೆಯವರ ಸಂಖ್ಯೆ ನಿಮಗೆ ಒಗ್ಗುವುದಿಲ್ಲ. ಹಳಸಿದ ಬ್ಯಾಚನ್ನು ಹೊಸ ಬ್ಯಾಚಿನ ಜೊತೆ ಹೋಲಿಸಿದರೆ ಇಲ್ಲದ ವ್ಯತ್ಯಾಸ ಕಾಣುತ್ತದೆ.

ಅಳೆಯುವ ಬಗ್ಗೆ ಇನ್ನೆರಡು ಮಾತು. ಹೆಚ್ಚು ರೋಧದ ಸಿಲಿಕಾನ್ ಬೆಳಕಿಗೆ ಮೈಯೊಡ್ಡಿದಾಗ ತಾನೇ ವಾಹಕವಾಗತೊಡಗುತ್ತದೆ. ಸೂಕ್ಷ್ಮದರ್ಶಕದ ದೀಪ ಉರಿಯುತ್ತಿರುವಾಗ ಅಳೆದರೆ ಸಂಧಿಯ ಜೊತೆ ತಟ್ಟೆಯನ್ನೂ ಅಳೆದಂತಾಗಿ ರೋಧ ಕಡಿಮೆ ಕಾಣುತ್ತದೆ. ಮೊನೆಗಳನ್ನು ಇಟ್ಟ ಮೇಲೆ ದೀಪ ಆರಿಸಿ, ಮುಚ್ಚಳ ಹಾಕಿ, ಆಮೇಲೆ ಓದಿ. ಸ್ಥಾಯಿ ವಿದ್ಯುತ್ತಿನ ಒಂದು ಕಿಡಿ ಈ ಪೊರೆಯನ್ನು ಸುಟ್ಟುಬಿಡುವುದರಿಂದ ಮಣಿಕಟ್ಟಿಗೆ ಭೂಸಂಪರ್ಕದ ಪಟ್ಟಿ ಇರಲಿ, ಸಂಧಿಯ ಮೇಲೆ ಕೆಲವು ಮಿಲಿವೋಲ್ಟ್‌ಗಿಂತ ಹೆಚ್ಚು ಬೀಳದಿರಲಿ. ಅಂಗಡಿಯಲ್ಲಿ ಸಿಗುವ ಕೈಮೀಟರನ್ನು ಹತ್ತಿರಕ್ಕೂ ತರಬೇಡಿ.

ಇಷ್ಟೆಲ್ಲ ಆದ ಮೇಲೂ ಒಂದಿಷ್ಟು ಚದುರುವಿಕೆ ಉಳಿಯುತ್ತದೆ ಎಂಬುದನ್ನು ಒಪ್ಪಿಕೊಂಡವರು ಐಬಿಎಂನವರು. ಅವರು ಸಂಧಿ ತಯಾರಾದ ಮೇಲೆ ಒಂದೊಂದನ್ನೂ ಅಳೆದು ಲೇಸರಿನಿಂದ ಬಿಸಿಮಾಡುತ್ತಾರೆ. ಬಿಸಿಯಾದಾಗ ರೋಧ ಏರಿ ಆವೃತ್ತಿ ಇಳಿಯುತ್ತದೆ. ಒಂದೇ ದಿಕ್ಕಿಗೆ ಹೋಗುವ ತಿದ್ದುಪಡಿಯಾದ್ದರಿಂದ ಮೊದಲೇ ಗುರಿಗಿಂತ ತುಸು ಎತ್ತರದ ಆವೃತ್ತಿಗೆ ಮಾಡಿಟ್ಟುಕೊಳ್ಳಬೇಕು. ದರ್ಜಿ ಬಟ್ಟೆಯನ್ನು ಒಂದಂಗುಲ ಉದ್ದ ಬಿಟ್ಟು ಕತ್ತರಿಸಿದ ಹಾಗೆ.

ಸಿಲಿಕಾನ್‌ದಾರಿ ಬರೆದದ್ದು (ಐದು ವಾರಗಳ ನಂತರ):

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ, ಎವಾಪರೇಟರಿನ ಸರದಿ ಸಿಗುವುದು ವಾರಕ್ಕೊಂದು ದಿನ.

ಮೊದಲು ಮೂರನೆಯ ರೋಗ. ಮಿಲಿಕೆಲ್ವಿನ್ ಅವರ ಊಹೆ ಸರಿಯಾಗಿತ್ತು. ಮೊದಲ ಎರಡು ಬ್ಯಾಚುಗಳನ್ನು ಹಬ್ಬದ ರಜೆ ಮುಗಿಸಿ ಬಂದು ಅಳೆದಿದ್ದೆ, ಮೂರನೆಯದನ್ನು ಅದೇ ಸಂಜೆ, ಅದೂ ದೀಪ ಆರಿಸದೆ. ಆ ವೇಫರನ್ನೇ ಈಗ ಕತ್ತಲಲ್ಲಿ ಮತ್ತೆ ಅಳೆದರೆ ಮೊದಲೆರಡರ ಪಕ್ಕಕ್ಕೇ ಬಂದು ನಿಂತಿದೆ. ಅಂದರೆ ಆಮ್ಲಜನಕದ ಒತ್ತಡದ್ದು ತಪ್ಪೇ ಇರಲಿಲ್ಲ. ಅದನ್ನು ತಿರುಗಿಸಿದ್ದರೆ ಸರಿಯಾಗಿದ್ದ ಒಂದೇ ವಸ್ತುವನ್ನೂ ಕೆಡಿಸಿರುತ್ತಿದ್ದೆ.

ಸಮಕೋನದ ಆವೀಕರಣಕ್ಕೆ ಬದಲಾದ ಮೇಲೆ ಮೆಟ್ಟಿಲು ಬಹುಪಾಲು ಮಾಯವಾಯಿತು. ಅಂಚಿನ ಐದಾರು ಮಿಲಿಮೀಟರಿನಲ್ಲಿ ಮಾತ್ರ ಇನ್ನೂ ಸ್ವಲ್ಪ ಇದೆ. ಅಲ್ಲಿ ರೆಸಿಸ್ಟ್ ದಪ್ಪವಾಗಿ ಕಟ್ಟಿಕೊಂಡಿರುವುದು ಬಣ್ಣದ ಉಂಗುರಗಳಲ್ಲೇ ಕಾಣುತ್ತದೆ, ಸದ್ಯಕ್ಕೆ ಆ ಜಾಗದಲ್ಲಿ ಕ್ಯೂಬಿಟ್ ಇಡುವುದನ್ನೇ ಬಿಟ್ಟಿದ್ದೇನೆ. ವಿದ್ಯುತ್ ಹರಿಯದ ಸಂಧಿಗಳ ಗುಟ್ಟೂ ಅಲ್ಲೇ ಇತ್ತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮೇಲಿನ ಪದರ ಕೆಳಗಿನ ಪದರದ ಅಂಚನ್ನು ಹತ್ತುವಲ್ಲಿ ಹರಿದಿತ್ತು. ಎರಡೂ ಪದರಗಳನ್ನು 40 ನ್ಯಾನೋಮೀಟರ್ ದಪ್ಪ ಮಾಡುತ್ತಿದ್ದೆ. ಈಗ ಕೆಳಗಿನದನ್ನು 30, ಮೇಲಿನದನ್ನು 60 ಮಾಡಿದ್ದೇನೆ, ಹರಿಯುವುದು ನಿಂತಿದೆ. ಪ್ಲಾಸ್ಮಾದ ಅವಧಿಯನ್ನು ಐದೈದು ಸೆಕೆಂಡು ಏರಿಸುತ್ತಾ ಹೋಗಿ, ಗೆರೆಯ ಅಗಲ ಬದಲಾಗತೊಡಗುವ ಮೊದಲೇ ನಿಲ್ಲಿಸಿದೆ. ಚದುರುವಿಕೆ ಅರ್ಧಕ್ಕಿಂತ ಕೆಳಗಿಳಿದಿದೆ, ಆದರೆ ನನಗೆ ಬೇಕಾದ ಶೇ. 2ರ ಹತ್ತಿರಕ್ಕೆ ಬಂದಿಲ್ಲ.

ಮುಂದಿನ ತಿಂಗಳು ಫ್ರಿಜ್ಜಿನಲ್ಲಿ ಒಂದು ಜಾಗ ಸಿಕ್ಕಿದೆ. ನಾಲ್ಕು ಕ್ಯೂಬಿಟ್‌ಗಳಿರುವ ಚಿಪ್ಪನ್ನು ಇಳಿಸಬೇಕೆಂದಿದ್ದೇನೆ. ಮ್ಯಾನ್‌ಹ್ಯಾಟನ್ ವಿಧಾನದ ಮುಖವಾಡ ಇನ್ನೂ ಕಾಗದದ ಮೇಲಿದೆ.

ಮಿಲಿಕೆಲ್ವಿನ್ ಬರೆದದ್ದು:

ಇಳಿಸುವ ಚಿಪ್ಪಿನ ಪಕ್ಕದಲ್ಲೇ ಅದೇ ಅಳತೆಯ ಹತ್ತಾರು ಪರೀಕ್ಷಾ ಸಂಧಿಗಳನ್ನು ಇಟ್ಟಿದ್ದೀರಿ ತಾನೆ? ಕ್ಯೂಬಿಟ್‌ನ ಸಂಧಿಯನ್ನು ಮೊನೆಯಿಂದ ಮುಟ್ಟದೆ ಅವನ್ನೇ ಅಳೆಯಿರಿ. ವೈರ್‌ಬಾಂಡ್ (ಚಿಪ್ಪಿಗೆ ಸಂಪರ್ಕ ಕೊಡುವ ಸಣ್ಣ ತಂತಿ) ಹಾಕುವ ದಿನ ಒಮ್ಮೆ, ಫ್ರಿಜ್ಜಿನ ಬಾಗಿಲು ಮುಚ್ಚುವ ಬೆಳಿಗ್ಗೆ ಇನ್ನೊಮ್ಮೆ. ಎರಡನೆಯ ಸಂಖ್ಯೆಯಿಂದ ಲೆಕ್ಕಹಾಕಿದ ಆವೃತ್ತಿಗಳನ್ನು, ತಣ್ಣಗಾಗುವ ಮೊದಲೇ, ಇಲ್ಲಿ ಬರೆದಿಡಿ. ಫ್ರಿಜ್ ಏನು ಹೇಳುತ್ತದೋ ಆಮೇಲೆ ಹೋಲಿಸಿ ನೋಡೋಣ.

ಸಿಲಿಕಾನ್‌ದಾರಿ ಬರೆದದ್ದು:

ಇಟ್ಟಿದ್ದೇನೆ ಸರ್, ಪ್ರತಿ ಚಿಪ್ಪಿಗೆ ಇಪ್ಪತ್ತನಾಲ್ಕು. ಸಂಖ್ಯೆಗಳನ್ನು ಬಾಗಿಲು ಮುಚ್ಚುವ ದಿನವೇ ಹಾಕುತ್ತೇನೆ.